ಟೋಕಿಯೊದ ಓಣಿಯೊಳಗೆ ಮೂರು ತಾಸು

ಜಪಾನಿಗೆ ಹೊರಟವರು, ಮಕ್ಕಳ ಮನೆಗೆಂದು ಹೋಗುವವರು ನಮ್ಮ ಮೂರು ಜಿಲ್ಲೆಗಳಿಂದ ಬರೆದ ಪತ್ರಗಳಿವು. ಎಲ್ಲರೂ ಕೇಳಿರುವುದು ಒಂದೇ ಸಂಗತಿಯ ಸುತ್ತ: ಗೈಡ್ ಜೊತೆ ಕಾಲ್ನಡಿಗೆಯಲ್ಲಿ ಒಂದು ಹಳೆಯ ಓಣಿ ನೋಡುವುದು ಹೇಗೆ? ಹೋಲುವ ಪ್ರಶ್ನೆಗಳನ್ನು ಕೂಡಿಸಿದ್ದೇವೆ.

ಪ್ರಶ್ನೆ: ಮಗ ಟೋಕಿಯೊದಲ್ಲಿದ್ದಾನೆ. ನವೆಂಬರಿನಲ್ಲಿ ಹದಿನೈದು ದಿನ ಹೋಗುತ್ತಿದ್ದೇವೆ. ಅಸಾಕುಸಾ, ಯನಾಕಾ ಎರಡರಲ್ಲಿ ಒಂದು ನಡಿಗೆ ಆರಿಸಿ ಅನ್ನುತ್ತಾನೆ. ಮೂವತ್ತು ವರ್ಷ ಇತಿಹಾಸದ ಪಾಠ ಮಾಡಿದವನಿಗೆ ಯಾವುದು ಹೊಂದುತ್ತದೆ?
– ನಿವೃತ್ತ ಶಿಕ್ಷಕರು, ವಿಜಯಪುರ

ಉತ್ತರ: ಯನಾಕಾ. ಗೋಳಗುಮ್ಮಟ ನೋಡಿ ಬಸ್ ಹತ್ತುವವರಿಗೂ, ತಾಜ್ ಬಾವಡಿ, ಮೆಹ್ತರ್ ಮಹಲ್, ಜೋಡ ಗುಮ್ಮಟ ಎಂದು ಗಲ್ಲಿ ಹಿಡಿದು ನಡೆಯುವವರಿಗೂ ಇರುವ ಅಂತರವನ್ನು ನಿಮಗೆ ವಿವರಿಸಬೇಕಿಲ್ಲ. ಅಸಾಕುಸಾದಲ್ಲಿ ಒಂದು ದೊಡ್ಡ ಮಂದಿರ ಇದೆ, ವಿಪರೀತ ಜನ. ಅಲ್ಲಿಗೆ ಮಗನೊಂದಿಗೆ ಬೆಳಿಗ್ಗೆ ಏಳಕ್ಕೆ ಹೋಗಿ ಬನ್ನಿ, ಗೈಡ್ ಇಲ್ಲದೆಯೂ ನಡೆಯುತ್ತದೆ. ಯನಾಕಾದಲ್ಲಿ ವಿವರಿಸುವವರು ಇಲ್ಲದಿದ್ದರೆ ಕಾಣುವುದು ಬರೀ ಗೋಡೆ ಮತ್ತು ಗೋರಿ.

ಅಲ್ಲಿ ಅಷ್ಟು ಮಂದಿರಗಳು ಒಟ್ಟೊಟ್ಟಿಗೆ ಏಕಿವೆ ಎಂಬುದೇ ಮೊದಲ ಪಾಠ. 1657ರ ಮೇರೆಕಿ ಬೆಂಕಿ ಆಗಿನ ಎಡೊ ನಗರದ, ಎಂದರೆ ಈಗಿನ ಟೋಕಿಯೊದ, ಬಹುಭಾಗವನ್ನು ಸುಟ್ಟಿತು. ಊರನ್ನು ಮತ್ತೆ ಕಟ್ಟುವಾಗ ಶೋಗನ್ (ಚಕ್ರವರ್ತಿಯ ಹೆಸರಿನಲ್ಲಿ ನಾಡಾಳುತ್ತಿದ್ದ ಸೇನಾಧಿಪತಿ) ಸರ್ಕಾರ ನಡುಪೇಟೆಯಲ್ಲಿದ್ದ ಮಂದಿರಗಳನ್ನು ಅಂಚಿಗೆ ಸಾಗಹಾಕಿತು. ಹಾಗೆ ಬಂದ ಹಲವು ಮಂದಿರಗಳು ಯನಾಕಾದ ದಿನ್ನೆಯ ಮೇಲೆ ನೆಲೆ ನಿಂತವು. ಎರಡನೆಯ ಕಾರಣ ಕಾನೂನು. 1614ರಲ್ಲಿ ಕ್ರೈಸ್ತ ಧರ್ಮವನ್ನು ದೇಶದಾದ್ಯಂತ ನಿಷೇಧಿಸಿದ ಸರ್ಕಾರ, ಬರಬರುತ್ತ ಪ್ರತಿ ಮನೆತನವೂ ಒಂದು ಬೌದ್ಧ ಮಂದಿರದಲ್ಲಿ ಹೆಸರು ಬರೆಸಿ ‘ಇವರು ಕ್ರೈಸ್ತರಲ್ಲ’ ಎಂಬ ಖಾತ್ರಿ ಪಡೆಯಬೇಕೆಂದು ಕಟ್ಟುಮಾಡಿತು. ಮಂದಿರಗಳು ಒಂದು ರೀತಿ ಜನಗಣತಿ ಕಚೇರಿಗಳಾದವು. ಹುಟ್ಟಿನ ಹರಕೆ ಜಪಾನಿನ ಮೂಲ ಧರ್ಮವಾದ ಶಿಂಟೊದ ಗುಡಿಗೆ, ಸಾವಿನ ಕರ್ಮ ಬೌದ್ಧ ಮಂದಿರಕ್ಕೆ ಎಂಬ ಹಂಚಿಕೆ ಜನರಲ್ಲಿ ಗಟ್ಟಿಯಾಗಲು ಈ ದಫ್ತರವೂ ಕಾರಣ.

ನಡಿಗೆಯ ದಾರಿ ಹೀಗಿದ್ದರೆ ಅನುಕೂಲ. ನಿಪ್ಪೊರಿ ರೈಲು ನಿಲ್ದಾಣದ ದಕ್ಷಿಣ ದ್ವಾರದಿಂದ ಹೊರಬಿದ್ದರೆ ಮೊದಲು ಟೆನ್ನೊಜಿ ಮಂದಿರ. ಅಲ್ಲಿನ ಕಂಚಿನ ಬುದ್ಧ 1690ರದು. ಅದರಾಚೆ ಯನಾಕಾ ಸ್ಮಶಾನ. ನಡುದಾರಿಯ ಬದಿಗೆ ಬರೀ ತಳಪಾಯದ ಕಲ್ಲುಗಳು ಕಾಣುತ್ತವೆ. ಅಲ್ಲಿದ್ದ ಐದಂತಸ್ತಿನ ಪಗೋಡ 1957ರಲ್ಲಿ ಸುಟ್ಟುಹೋಯಿತು, ಬೆಂಕಿ ಹಚ್ಚಿದ್ದು ಸಾಯಲು ನಿರ್ಧರಿಸಿದ ಒಂದು ಜೋಡಿ. ಕೊನೆಯ ಶೋಗನ್ ತೊಕುಗಾವಾ ಯೊಶಿನೊಬುನ ಸಮಾಧಿಯೂ ಇಲ್ಲೇ ಇದೆ. 1867ರಲ್ಲಿ ಅಧಿಕಾರವನ್ನು ಚಕ್ರವರ್ತಿಗೆ ಒಪ್ಪಿಸಿ, 1913ರವರೆಗೆ ಬದುಕಿದವನು ಆತ. ಸುತ್ತಲಿನವು ಹೆಚ್ಚಾಗಿ ಚೌಕ ಕಲ್ಲಿನ ಬೌದ್ಧ ಗೋರಿಗಳು, ಅವನದು ಶಿಂಟೊ ಪದ್ಧತಿಯ ಗುಂಡು ದಿಬ್ಬ. ಬೇಲಿಯ ಹೊರಗಿನಿಂದಲೇ ನೋಡಬೇಕು.

ಮುಂದೆ ಕನ್ನೊನ್‌ಜಿ ಮಂದಿರದ ಹೊರಗೋಡೆ. ಮಣ್ಣು ಮತ್ತು ಹಂಚಿನ ಚೂರನ್ನು ಪದರು ಪದರಾಗಿ ಕೂಡಿಸಿ ಕಟ್ಟಿದ, ಶೋಗನ್‌ಗಳು ಆಳಿದ ಎಡೊ ಕಾಲದ ಗೋಡೆ ಅದು. ಯನಾಕಾದಲ್ಲಿ ಐದು ನಿಮಿಷ ಸುಮ್ಮನೆ ನಿಲ್ಲಬಹುದಾದ ಜಾಗ ಯಾವುದೆಂದರೆ ನಾವು ಇದನ್ನೇ ಹೇಳುತ್ತೇವೆ. ಅಲ್ಲಿಂದ ಕ್ಯೊಒಜಿ. ಅದರ ಮರದ ಬಾಗಿಲಿನಲ್ಲಿ ಬೆರಳು ತೂರುವಂಥ ತೂತುಗಳಿವೆ. 1868ರ ಜುಲೈ 4ರಂದು ಉಯೆನೊ ದಿನ್ನೆಯ ಮೇಲೆ ಶೋಗನ್ ಪಕ್ಷದವರಿಗೂ ಹೊಸ ಸರ್ಕಾರದ ಸೇನೆಗೂ ಕಾಳಗ ನಡೆದಾಗ, ಸೋತವರು ಇಲ್ಲಿ ಅಡಗಿದರು. ಅವರನ್ನು ಹುಡುಕಿ ಹಾರಿಸಿದ ಗುಂಡಿನ ಗುರುತುಗಳವು. ಬೆರಳು ತೂರಿಸಬೇಡಿ, ನೋಡಿ ಸಾಕು.

ಆಮೇಲೆ ಮೂವತ್ತಾರು ಮೆಟ್ಟಿಲಿಳಿದರೆ ಯನಾಕಾ ಗಿಂಜಾ ಎಂಬ ಸಣ್ಣ ಪೇಟೆ. ಕೊನೆಗೆ ನೆಜು ಗುಡಿ. ಅದರ ಮುಖ್ಯ ಕಟ್ಟಡಗಳು 1706ರವು, ಟೋಕಿಯೊದಲ್ಲಿ ಭೂಕಂಪ, ಬಾಂಬು ಎರಡನ್ನೂ ದಾಟಿ ಉಳಿದ ಅಪರೂಪದ ಕಟ್ಟಡಗಳು. ಇಡೀ ದಾರಿ ಸುಮಾರು 4 ಕಿ.ಮೀ., ನಿಂತು ನೋಡುತ್ತ ಹೋದರೆ ಮೂರು ತಾಸು. ನವೆಂಬರ್ ಕೊನೆಯಲ್ಲಿ ಅಲ್ಲಿ ನಾಲ್ಕೂವರೆಗೆಲ್ಲ ಹೊತ್ತು ಮುಳುಗುತ್ತದೆ. ಮಧ್ಯಾಹ್ನ ಎರಡಕ್ಕೆ ಶುರುವಾಗುವ ನಡಿಗೆಯನ್ನು ಬುಕ್ ಮಾಡಬೇಡಿ, ನೆಜು ತಲುಪುವಷ್ಟರಲ್ಲಿ ಕತ್ತಲು.

ಪ್ರಶ್ನೆ: ಹೋದ ವರ್ಷ ಅಸಾಕುಸಾದ ಸೆನ್‌ಸೊಜಿ ನೋಡಿದೆವು. ಗೈಡ್ 628ನೇ ಇಸವಿಯ ಮಂದಿರ ಅಂದರು. ಹತ್ತಿರ ಹೋದರೆ ಸಿಮೆಂಟಿನ ಕಟ್ಟಡ! ಐಹೊಳೆ ನೋಡಿ ಬೆಳೆದ ನಮಗೆ ಮೋಸ ಹೋದಂತಾಯಿತು.
– ನವನಗರ, ಬಾಗಲಕೋಟೆ

ಉತ್ತರ: ಗೈಡ್ ಸುಳ್ಳು ಹೇಳಿಲ್ಲ, ಅರ್ಧ ಹೇಳಿದ್ದಾರೆ. 628 ಸ್ಥಳಪುರಾಣದ ಇಸವಿ. ಸುಮಿದಾ ನದಿಯಲ್ಲಿ ಬಲೆ ಬೀಸಿದ ಹಿನೊಕುಮಾ ಮನೆತನದ ಇಬ್ಬರು ಅಣ್ಣತಮ್ಮಂದಿರಿಗೆ ಕನ್ನೊನ್ ಮೂರ್ತಿ ಸಿಕ್ಕಿತು, ಊರಿನ ಮುಖ್ಯಸ್ಥ ತನ್ನ ಮನೆಯನ್ನೇ ಮಂದಿರ ಮಾಡಿದ ಎಂಬುದು ಕಥೆ. ಕನ್ನೊನ್ ಎಂದರೆ ನಮ್ಮ ಬೌದ್ಧ ಗ್ರಂಥಗಳ ಅವಲೋಕಿತೇಶ್ವರ. ಐಹೊಳೆಯ ಮೇಗುತಿಯಲ್ಲಿ ರವಿಕೀರ್ತಿಯ ಶಾಸನ ಬಿದ್ದದ್ದು 634ರಲ್ಲಿ, ಇಮ್ಮಡಿ ಪುಲಿಕೇಶಿಯ ಆಳ್ವಿಕೆಯಲ್ಲಿ. ಕಾಲ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಸಾಮಗ್ರಿಯದು: ಇಲ್ಲಿ ಮಲಪ್ರಭೆಯ ದಂಡೆಯ ಮರಳುಗಲ್ಲು, ಅಲ್ಲಿ ಮರ.

ಮರದ ಕಟ್ಟಡಕ್ಕೆ ಬೆಂಕಿ ತಪ್ಪಿದ್ದಲ್ಲ. ಸೆನ್‌ಸೊಜಿಯ ಹಳೆಯ ಮುಖ್ಯ ಸಭಾಂಗಣ 1923ರ ಭೂಕಂಪವನ್ನು ತಡೆದುಕೊಂಡಿತು, 1945ರ ಮಾರ್ಚ್ 10ರ ವಿಮಾನದಾಳಿಯಲ್ಲಿ ಸುಟ್ಟುಹೋಯಿತು. ಈಗಿನದು 1958ರ ಕಾಂಕ್ರೀಟು. ಮೇಲಿನ ಹಂಚು 2010ರಲ್ಲಿ ಹೊದಿಸಿದ ಟೈಟಾನಿಯಂ, ಭೂಕಂಪದಲ್ಲಿ ಭಾರ ಕಡಿಮೆ ಇರಲೆಂದು. ಕೆಂಪು ದೀಪದ ಬುಟ್ಟಿ ತೂಗುವ ಕಮಿನಾರಿಮೊನ್ ಬಾಗಿಲು 1865ರಲ್ಲಿ ಸುಟ್ಟು, ಸುಮಾರು ಒಂದು ಶತಮಾನ ಬಾಗಿಲೇ ಇರಲಿಲ್ಲ. 1960ರಲ್ಲಿ ಪ್ಯಾನಾಸೊನಿಕ್ ಸ್ಥಾಪಕ ಮತ್ಸುಶಿತಾ ಕೊನೊಸುಕೆ ಕಾಣಿಕೆಯಾಗಿ ಕಟ್ಟಿಸಿಕೊಟ್ಟರು. ಆ ದೀಪದ ಎತ್ತರ 3.9 ಮೀಟರ್, ತೂಕ ಸುಮಾರು 700 ಕಿಲೊ.

ಕಟ್ಟಡದ ವಯಸ್ಸಿಗಿಂತ ಪೂಜೆ ಮುರಿಯದೆ ನಡೆದುಬಂದ ವಯಸ್ಸನ್ನು ಎಣಿಸುವುದು ಅಲ್ಲಿನ ರೂಢಿ. ಇಸೆ ಎಂಬಲ್ಲಿನ ಶಿಂಟೊ ಮಹಾಗುಡಿಯನ್ನಂತೂ ಇಪ್ಪತ್ತು ವರ್ಷಕ್ಕೊಮ್ಮೆ ಪಕ್ಕದ ಜಾಗದಲ್ಲಿ ಹೊಸದಾಗಿ ಕಟ್ಟುತ್ತಾರೆ. ಹಿಂದಿನದು 2013ರಲ್ಲಿ ಆಯಿತು, ಮುಂದಿನದು 2033ಕ್ಕೆ. ಇನ್ನು ಮುಂದೆ ಗೈಡ್ ಇಸವಿ ಹೇಳಿದಾಗ ಮೂರು ಕೇಳಿ: ಜಾಗ ಯಾವಾಗಿನದು, ಮೂರ್ತಿ ಯಾವಾಗಿನದು, ಈ ಕಂಬ ಯಾವಾಗಿನದು? ಅಸಾಕುಸಾದಲ್ಲೇ ಹಳೆಯದು ಬೇಕಿದ್ದರೆ ಬಲಗಡೆಗೆ ತಿರುಗಬೇಕಿತ್ತು. ನಿತೆನ್‌ಮೊನ್ ಬಾಗಿಲು 1618ರದು. ಅದರ ಹತ್ತಿರದ ಅಸಾಕುಸಾ ಶಿಂಟೊ ಗುಡಿ 1649ರದು, ಬಾಂಬಿನ ರಾತ್ರಿ ಅದು ಉಳಿಯಿತು. ಅಲ್ಲಿ ದೇವರಾಗಿ ಕೂತವರು ಆ ಇಬ್ಬರು ಮೀನುಗಾರರು ಮತ್ತು ಊರಿನ ಮುಖ್ಯಸ್ಥ. ಬುದ್ಧನ ಮಂದಿರ, ಅದನ್ನು ಕಟ್ಟಿದವರ ಗುಡಿ ಒಂದೇ ಅಂಗಳದಲ್ಲಿ ಕೂಡಿ ಇದ್ದವು. 1868ರಲ್ಲಿ ಹೊಸ ಸರ್ಕಾರ ಶಿಂಟೊ ಬೇರೆ, ಬೌದ್ಧ ಬೇರೆ ಎಂದು ಆಜ್ಞೆ ಹೊರಡಿಸಿದ ಮೇಲೆ ಎರಡು ಸಂಸ್ಥೆಗಳಾದವು. ಯಾವ ಓಣಿಗೆ ಹೋದರೂ ಈ 1868 ನೆನಪಿರಲಿ. ತಲೆಯಿಲ್ಲದ ಕಲ್ಲಿನ ಬುದ್ಧ ಕಂಡರೆ ಹಲವು ಸಲ ಅದರ ಹಿಂದೆ ಆ ಆಜ್ಞೆಯ ನಂತರದ ಒಡೆದಾಟ ಇರುತ್ತದೆ.

ಪ್ರಶ್ನೆ: ಗುಡಿ ಯಾವುದು, ಬೌದ್ಧ ಮಂದಿರ ಯಾವುದು ತಿಳಿಯೋದು ಹ್ಯಾಂಗ್ರಿ? ಎಲ್ಲಿ ಚಪ್ಪಾಳೆ ತಟ್ಟಬೇಕು, ಎಲ್ಲಿ ಬರೇ ಕೈ ಮುಗೀಬೇಕು? ಸೂತಕ ಇದ್ದಾಗ ಹೋದರ ನಡೀತದೇನು?
– ಗೃಹಿಣಿ, ಟಿಳಕವಾಡಿ, ಬೆಳಗಾವಿ

ಉತ್ತರ: ಬಾಗಿಲು ನೋಡಿ. ಎರಡು ಕಂಬ, ಮೇಲೆ ಎರಡು ಅಡ್ಡ ತೊಲೆ, ಬಾಗಿಲ ಕದವಿಲ್ಲ: ಅದು ತೊರಿಯಿ, ಒಳಗಿರುವುದು ಶಿಂಟೊ ಗುಡಿ. ಛಾವಣಿಯುಳ್ಳ ದೊಡ್ಡ ಬಾಗಿಲು, ಒಳಗೆ ಅಗರಬತ್ತಿಯ ವಾಸನೆ, ಸ್ಮಶಾನ: ಬೌದ್ಧ ಮಂದಿರ. ಹೆಸರಿನ ಬಾಲವೂ ಹೇಳುತ್ತದೆ. ‘ಜಿ’, ‘ಇನ್’ ಎಂದು ಮುಗಿದರೆ ಮಂದಿರ. ‘ಜಿಂಜಾ’, ‘ಗೂ’ ಎಂದಿದ್ದರೆ ಗುಡಿ. ಎಡವಟ್ಟಾಗುವುದು ತೊರಿಯಿಯನ್ನೇ ನಂಬಿದಾಗ. ಟೋಕಿಯೊದ ಅಕಾಸಾಕಾದಲ್ಲಿರುವ ತೊಯೊಕಾವಾ ಇನಾರಿಯಲ್ಲಿ ನರಿಗಳ ಸಾಲೇ ಇದೆ, ಆದರೆ ಅದು ಬೌದ್ಧರ ಝೆನ್ ಪಂಥದ ಮಂದಿರ. ಅಲ್ಲಿ ಚಪ್ಪಾಳೆ ಇಲ್ಲ.

ಒಳಗೆ ಹೋಗುವಾಗ ನಡುದಾರಿ ದೇವರದು, ಬದಿಗೆ ನಡೆಯಿರಿ. ಬಾಗಿಲಲ್ಲಿ ಸಣ್ಣಗೆ ತಲೆಬಾಗಿ. ಮಂದಿರದ ಹೊಸ್ತಿಲು ತುಳಿಯಬಾರದು, ದಾಟಬೇಕು. ಇದನ್ನು ನಿಮಗೆ ಯಾರೂ ಕಲಿಸಬೇಕಿಲ್ಲ. ನೀರಿನ ತೊಟ್ಟಿಯಲ್ಲಿ ಸೌಟನ್ನು ಬಲಗೈಯಲ್ಲಿ ಹಿಡಿದು ಎಡಗೈ ತೊಳೆಯಿರಿ, ಕೈ ಬದಲಿಸಿ ಬಲಗೈ ತೊಳೆಯಿರಿ. ಮತ್ತೆ ಬಲಗೈಗೆ ಸೌಟು, ಎಡ ಬೊಗಸೆಗೆ ನೀರು ಸುರಿದುಕೊಂಡು ಬಾಯಿ ಮುಕ್ಕಳಿಸಿ, ತೊಟ್ಟಿಯ ಹೊರಗೆ ಉಗುಳಿ. ಎಡಗೈ ಮತ್ತೊಮ್ಮೆ ತೊಳೆದು, ಸೌಟನ್ನು ನೆಟ್ಟಗೆ ಎತ್ತಿದರೆ ಉಳಿದ ನೀರು ಹಿಡಿಯ ಮೇಲೆ ಇಳಿದು ಅದೂ ಶುದ್ಧವಾಗುತ್ತದೆ. ಇಷ್ಟನ್ನೂ ಒಂದೇ ಸೌಟು ನೀರಿನಲ್ಲಿ ಮುಗಿಸುವುದು ಜಾಣತನ. ಹೆಚ್ಚಿನವರು ಮಾಡುವ ತಪ್ಪು ಸೌಟಿಗೇ ಬಾಯಿ ಹಚ್ಚುವುದು, ಇಲ್ಲವೇ ತೀರ್ಥವೆಂದು ನುಂಗುವುದು. ಅದು ಕೈಕಾಲು ತೊಳೆಯುವ ನೀರಿನ ಲೆಕ್ಕ, ತೀರ್ಥವಲ್ಲ. ಕೋವಿಡ್ ನಂತರ ಎಷ್ಟೋ ಕಡೆ ಸೌಟು ತೆಗೆದಿದ್ದಾರೆ, ಹರಿಯುವ ನೀರಿಗೆ ಕೈಯೊಡ್ಡಿ ಮುಗಿಸಿ.

ಗುಡಿಯಲ್ಲಿ: ನಾಣ್ಯವನ್ನು ಮೆಲ್ಲಗೆ ಪೆಟ್ಟಿಗೆಗೆ ಬಿಡಿ, ಗಂಟೆಯ ಹಗ್ಗವಿದ್ದರೆ ಅಲ್ಲಾಡಿಸಿ, ಎರಡು ಸಲ ಸೊಂಟದಿಂದ ಬಾಗಿ, ಎರಡು ಚಪ್ಪಾಳೆ, ಪ್ರಾರ್ಥನೆ, ಕೊನೆಗೆ ಒಂದು ಸಲ ಬಾಗುವುದು. ಮಂದಿರದಲ್ಲಿ ನಾಣ್ಯ, ಕೈ ಮುಗಿಯುವುದು, ಬಾಗುವುದು, ಅಷ್ಟೇ. ಐದು ಯೆನ್ ನಾಣ್ಯಕ್ಕೆ ಬೆಲೆ ಹೆಚ್ಚು, ಏಕೆಂದರೆ ‘ಗೊ-ಎನ್’ ಅಂದರೆ ಐದು ಯೆನ್, ಋಣಾನುಬಂಧವೆಂಬ ಅರ್ಥವೂ ಅದೇ ಉಚ್ಚಾರಕ್ಕಿದೆ. ಹಿಂದಿನ ದಿನವೇ ಅಂಗಡಿಯಲ್ಲಿ ಚಿಲ್ಲರೆ ಕೂಡಿಟ್ಟುಕೊಳ್ಳಿ.

ಸೂತಕದ ವಿಚಾರ ನೀವು ಕೇಳಿದ್ದು ಖರೇನೇ ಸರಿಯಾದ ಪ್ರಶ್ನೆ. ಶಿಂಟೊದಲ್ಲಿ ಸಾವಿನ ಮೈಲಿಗೆಗೆ ‘ಕೆಗಾರೆ’ ಎನ್ನುತ್ತಾರೆ. ಮನೆಯಲ್ಲಿ ಸಾವಾದರೆ ಸಾಮಾನ್ಯವಾಗಿ ಐವತ್ತು ದಿನ ಗುಡಿಯ ತೊರಿಯಿ ದಾಟುವುದಿಲ್ಲ. ಬೌದ್ಧ ಮಂದಿರಕ್ಕೆ ಈ ತಡೆಯಿಲ್ಲ. ಗೋರಿಗಳು ಮಂದಿರದ ಅಂಗಳದಲ್ಲಿ ಇರುವುದು, ಗುಡಿಯ ಅಂಗಳದಲ್ಲಿ ಇರದಿರುವುದು ಇದರಿಂದಲೇ. ವಿದೇಶಿಯರನ್ನು ಯಾರೂ ಕೇಳುವುದಿಲ್ಲ. ನಿಮ್ಮ ಮನಸ್ಸಿಗೆ ಬಿಟ್ಟದ್ದು.

ಪ್ರಶ್ನೆ: ಜಪಾನಿನಲ್ಲಿ ಗಣಪತಿ, ಸರಸ್ವತಿ ಇದ್ದಾರೆ ಎಂದು ಕೇಳಿದ್ದೇವೆ. ಓಣಿ ನಡಿಗೆಯಲ್ಲಿ ಕಾಣಸಿಗುತ್ತಾರೆಯೇ?
– ಜಮಖಂಡಿ

ಉತ್ತರ: ಸರಸ್ವತಿ ಸುಲಭ. ಅಲ್ಲಿ ಅವಳು ಬೆನ್ಝಾಯ್‌ತೆನ್, ನೀರಿನ ನಡುವೆ ಇರುವವಳು, ಕೈಯಲ್ಲಿ ವೀಣೆಯ ಬದಲು ಬಿವಾ ಎಂಬ ಜಪಾನಿ ತಂತಿವಾದ್ಯ. ಉಯೆನೊದ ಶಿನೊಬಾಝು ಕೆರೆಯ ನಡುಗಡ್ಡೆಯ ಮಂದಿರ ಅವಳದು. ಟೆನ್ನೊಜಿಯ ಬಿಶಮೊನ್‌ತೆನ್ ನಮ್ಮ ಕುಬೇರ, ವೈಶ್ರವಣ. ದಾಯ್‌ಕೊಕುತೆನ್ ಹೆಸರು ಮಹಾಕಾಲನಿಂದ ಬಂದದ್ದು, ಆದರೆ ಅಲ್ಲಿ ಅಕ್ಕಿ ಮೂಟೆಯ ಮೇಲೆ ನಿಂತು ನಗುತ್ತಾನೆ. ಶಿಬಾಮಾತಾದ ತಾಯ್‌ಶಾಕುತೆನ್ ಇಂದ್ರ. ಎನ್ಮಾ, ಯಮ. ಇಲ್ಲಿ ಇಂದ್ರನಿಗೊಂದು ಗುಡಿ ಹುಡುಕಲು ಬೆವರು ಸುರಿಸಬೇಕು, ಅಲ್ಲಿ ಅವನ ಹೆಸರಿನಲ್ಲಿ ಒಂದು ಪೇಟೆಯೇ ನಡೆದಿದೆ!

ಗಣಪತಿಯ ದರ್ಶನ ಮಾತ್ರ ಆಗುವುದಿಲ್ಲ. ಅಲ್ಲಿ ಅವನು ಕಾಂಗಿತೆನ್ ಅಥವಾ ಶೋತೆನ್, ಆನೆಮೊಗದ ಇಬ್ಬರು ಅಪ್ಪಿಕೊಂಡ ರೂಪ, ಮೂರ್ತಿಯನ್ನು ಮುಚ್ಚಿಯೇ ಇಡುತ್ತಾರೆ. ಸೆನ್‌ಸೊಜಿಯಿಂದ ಹತ್ತು-ಹದಿನೈದು ನಿಮಿಷ ಈಶಾನ್ಯಕ್ಕೆ ನಡೆದರೆ ಮತ್ಸುಚಿಯಾಮಾ ಶೋದೆನ್. ನೈವೇದ್ಯಕ್ಕೆ ಬಿಳಿ ಮೂಲಂಗಿ, ಅಲ್ಲೇ ಸಿಗುತ್ತದೆ. ಕಲ್ಲು, ಕಂಬ, ದೀಪಗಳ ಮೇಲೆಲ್ಲ ಜೋಡು ಮೂಲಂಗಿಯ ಗುರುತು. ಪ್ರತಿ ಜನವರಿ 7ಕ್ಕೆ ಮೂಲಂಗಿ ಜಾತ್ರೆ.

ಅದಕ್ಕಿಂತ ಕುತೂಹಲದ್ದು ಬಾಗಿಲ ಕಾವಲಿನವರ ಬಾಯಿ. ಜೋಡಿ ಸಿಂಹವಿರಲಿ, ದ್ವಾರಪಾಲಕರಿರಲಿ, ಒಬ್ಬನ ಬಾಯಿ ತೆರೆದಿರುತ್ತದೆ, ಇನ್ನೊಬ್ಬನದು ಮುಚ್ಚಿರುತ್ತದೆ. ಒಬ್ಬ ‘ಅ’ ಅನ್ನುತ್ತಾನೆ, ಇನ್ನೊಬ್ಬ ‘ಹೂಂ’. ಸಂಸ್ಕೃತ ವರ್ಣಮಾಲೆಯಿಂದ ಹೋದ ಮೊದಲು-ಕೊನೆ ಅದು. ಇನ್ನು ಸ್ಮಶಾನದಲ್ಲಿ ಗೋರಿಯ ಹಿಂದೆ ನಿಲ್ಲಿಸಿದ ಉದ್ದನೆಯ ಮರದ ಹಲಗೆಗಳನ್ನು ನೋಡಿ. ಹೆಸರು ‘ಸೊತೊಬಾ’, ಎಂದರೆ ಸ್ತೂಪ. ಎಷ್ಟೋ ಹಲಗೆಗಳ ಮೇಲೆ ಐದು ಸಿದ್ಧಂ ಲಿಪಿಯ ಅಕ್ಷರಗಳಿರುತ್ತವೆ, ಮೇಲಿನಿಂದ ಕೆಳಕ್ಕೆ ಖ, ಹ, ರ, ವ, ಅ: ಆಕಾಶ, ವಾಯು, ಅಗ್ನಿ, ನೀರು, ಭೂಮಿ. ಸಿದ್ಧಂ ಕೂಡ ನಮ್ಮ ಕನ್ನಡ ಲಿಪಿಯಂತೆ ಬ್ರಾಹ್ಮಿಯ ಕುಡಿ. ನಿಚಿರೆನ್ ಪಂಥದ ಹಲಗೆಗಳಲ್ಲಿ ಇವು ಇರುವುದಿಲ್ಲ, ಅಲ್ಲಿ ಪದ್ಮಸೂತ್ರದ ಹೆಸರನ್ನು ಬರೆದಿರುತ್ತಾರೆ. ಜೋದೊ ಶಿನ್ ಪಂಥದವರು ಹಲಗೆಯನ್ನೇ ನೆಡುವುದಿಲ್ಲ. ಹಲಗೆ ನೋಡಿಯೇ ಪಂಥ ಊಹಿಸಬಹುದು; ಗೈಡನ್ನು ಬೆರಗುಗೊಳಿಸಲು ಇದೊಂದು ಸಾಕು.

ಪ್ರಶ್ನೆ: ರಸ್ತೆ ಬದಿ ಮೂರು ಮಂಗಗಳ ಕಲ್ಲುಗಳಿರುತ್ತವೆಯಂತೆ, ಗಾಂಧೀಜಿಯ ಮಂಗಗಳೇ ಅಲ್ಲವೇ? ಕಲ್ಲಿನ ಮೇಲಿನ ಇಸವಿ ಓದುವ ಉಪಾಯವಿದೆಯೇ?
– ಅಥಣಿ

ಉತ್ತರ: ಗಾಂಧೀಜಿಯ ಮಂಗಗಳ ಹಿಂದಿರುವವೂ ಇವೇ. ಆ ಕಲ್ಲಿಗೆ ಕೋಶಿನ್ ಕಲ್ಲು ಎನ್ನುತ್ತಾರೆ. ಮನುಷ್ಯನ ಮೈಯಲ್ಲಿ ಮೂರು ಹುಳುಗಳಿವೆ, ಅರವತ್ತು ದಿನಕ್ಕೊಮ್ಮೆ ಬರುವ ಕೋಶಿನ್ ರಾತ್ರಿ ಅವನು ಮಲಗಿದಾಗ ಹೊರಬಿದ್ದು ಅವನ ಪಾಪಗಳನ್ನು ಸ್ವರ್ಗದ ಒಡೆಯನಿಗೆ ವರದಿ ಮಾಡುತ್ತವೆ ಎಂಬ ನಂಬಿಕೆ ಚೀನಾದಿಂದ ಬಂತು. ಉಪಾಯ ಸರಳ: ಮಲಗದಿರುವುದು. ಓಣಿಯವರೆಲ್ಲ ಕೂಡಿ ಶಿವರಾತ್ರಿಯ ಹಾಗೆ ಜಾಗರಣೆ ಮಾಡುತ್ತಿದ್ದರು. ಸಾಮಾನ್ಯವಾಗಿ ಮೂರು ವರ್ಷ ಬಿಡದೆ ಮಾಡಿದವರು ಕೂಡಿ ಒಂದು ಕಲ್ಲು ನೆಡುವ ಪದ್ಧತಿ ಇತ್ತು. ಕೋಶಿನ್‌ನ ‘ಶಿನ್’ ಮಂಗನ ದಿನ, ಅದಕ್ಕೆ ಮಂಗಗಳು. ನೋಡಬೇಡ, ಕೇಳಬೇಡ, ಆಡಬೇಡ ಎನ್ನುವ ಪದಗಳ ಕೊನೆಯ ‘ಝಾರು’ ಮಂಗ ಎಂಬ ‘ಸಾರು’ ಪದಕ್ಕೆ ಪ್ರಾಸ.

ಇಸವಿಗೆ ಹೆದರಬೇಡಿ. ಅಲ್ಲಿ ಕಾಲಕ್ಕೊಂದು ಹೆಸರಿಟ್ಟು, ಮೇಜಿಯಿಂದೀಚೆಗೆ ಚಕ್ರವರ್ತಿಗೊಂದರಂತೆ, ಒಂದರಿಂದ ವರ್ಷ ಎಣಿಸುತ್ತಾರೆ. ನಮ್ಮ ಶಾಸನದ ಶಕವರ್ಷಕ್ಕೆ 78 ಕೂಡಿಸುವವರಿಗೆ, ಉದಾಹರಣೆಗೆ ಮೇಗುತಿಯ ಶಕ 556ನ್ನು 634 ಮಾಡುವವರಿಗೆ, ಇದು ಅದೇ ಲೆಕ್ಕ. ಮೇಜಿ ವರ್ಷಕ್ಕೆ 1867 ಕೂಡಿಸಿ, ತೈಶೊಗೆ 1911, ಶೋವಾಗೆ 1925, ಹೇಸೆಗೆ 1988, ರೇವಾಗೆ 2018. ಶೋವಾ 33 ಎಂದರೆ 1958, ಸೆನ್‌ಸೊಜಿಯ ಕಾಂಕ್ರೀಟು ಸಭಾಂಗಣದ ವರ್ಷ. ಅಂಕಿಗಳಲ್ಲಿ ಒಂದಕ್ಕೆ ಒಂದು ಅಡ್ಡಗೆರೆ, ಎರಡಕ್ಕೆ ಎರಡು, ಮೂರಕ್ಕೆ ಮೂರು, ಹತ್ತಕ್ಕೆ ಕೂಡುವ ಚಿಹ್ನೆ. ಮೂರು ಗೆರೆ, ಕೂಡುವ ಚಿಹ್ನೆ, ಮತ್ತೆ ಮೂರು ಗೆರೆ ಮೇಲಿನಿಂದ ಕೆಳಕ್ಕೆ ಬಂದರೆ 33. ಎಡೊ ಕಾಲದ ಹೆಸರುಗಳು ಬಹಳ, ಅವಕ್ಕೆ ಗೈಡ್ ಬೇಕು. ಗೆನ್ರೊಕು ಒಂದನ್ನು ಬಾಯಿಪಾಠ ಮಾಡಿ: 1688ರಿಂದ 1704.

ಪ್ರಶ್ನೆ: ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ. ದಾರಿಯಲ್ಲಿ ಏನು ತಿನ್ನಬಹುದು?
– ಇಳಕಲ್ಲ, ಇದನ್ನೇ ಚಿಕ್ಕೋಡಿಯ ಜೈನ ಕುಟುಂಬವೊಂದೂ ಕೇಳಿದೆ

ಉತ್ತರ: ಮೀನು ಕಣ್ಣಿಗೆ ಕಾಣುವುದಿಲ್ಲ, ಸಾರಿನಲ್ಲಿರುತ್ತದೆ. ದಾಶಿ ಎಂಬ ಮೂಲ ಸಾರನ್ನು ಹೆಚ್ಚಾಗಿ ಒಣ ಬೊನಿಟೊ ಮೀನಿನ ಹೆರಕಲಿನಿಂದ ಮಾಡುತ್ತಾರೆ. ಸೋಬಾ, ಉದೊನ್ ಎಂಬ ಶಾವಿಗೆಗಳು, ಮಿಸೊ (ಹುದುಗಿಸಿದ ಸೋಯಾ) ಸಾರು, ಬೇಯಿಸಿದ ತರಕಾರಿ ಎಲ್ಲದರಲ್ಲೂ ಅದು. ಜನ ಮೋಸ ಹೋಗುವುದು ಇನಾರಿಝುಶಿಗೆ: ಅನ್ನ, ಮೇಲೆ ಹುರಿದ ತೋಫು, ನೋಡಲು ಪೂರ್ತಿ ಶಾಕಾಹಾರ, ಆದರೆ ತೋಫುವನ್ನು ಸಾಮಾನ್ಯವಾಗಿ ದಾಶಿಯಲ್ಲೇ ಕುದಿಸಿರುತ್ತಾರೆ. ‘ಕತ್ಸುಒಬುಶಿ ಹೈತ್ತೆ ಇಮಾಸು ಕಾ’ ಎಂದು ಕೇಳಿ, ಬೊನಿಟೊ ಇದೆಯೇ ಎಂದರ್ಥ. ‘ಮೀನು ಇದೆಯೇ’ ಎಂದಷ್ಟೇ ಕೇಳಿದರೆ ಇಲ್ಲವೆನ್ನುತ್ತಾರೆ, ಸಾರು ಅವರ ಲೆಕ್ಕದಲ್ಲಿ ಮೀನಲ್ಲ.

ಸಿಹಿಯಲ್ಲಿ ನಿಶ್ಚಿಂತೆ ಹೆಚ್ಚು. ಅಂಕೊ ಎಂದರೆ ಕೆಂಪು ಅಝುಕಿ ಕಾಳು, ಸಕ್ಕರೆ ಬೇಯಿಸಿ ಅರೆದದ್ದು, ಹೋಳಿಗೆಯ ಹೂರಣದ ತಂಗಿ. ಮೋಚಿ ಎಂಬ ಅಂಟು ಅಕ್ಕಿಯ ಕಣಕದೊಳಗೆ ಅದನ್ನು ತುಂಬಿದ ದಾಯ್‌ಫುಕು ತಿನ್ನಬಹುದು. ಅಸಾಕುಸಾದ ನಿಂಗ್ಯೊಯಾಕಿಯಲ್ಲಿ ಮೊಟ್ಟೆ ಇದೆ. ಮಂದಿರದ ಶೋಜಿನ್ ಊಟದಲ್ಲಿ ಮಾಂಸ, ಮೀನು ಅಷ್ಟೇ ಅಲ್ಲ, ಸಂಪ್ರದಾಯದಂತೆ ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ, ಮೊದಲೇ ಹೇಳಿಟ್ಟಿರಬೇಕು. ಚಿಕ್ಕೋಡಿಯವರಿಗೆ: ಅದರಲ್ಲಿ ಮೂಲಂಗಿ, ತಾವರೆ ಗೆಡ್ಡೆ ಹೇರಳ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಜೊತೆಗಿರಲಿ, ಹಸಿ ಹಣ್ಣು ತರಕಾರಿ ಒಯ್ಯಬೇಡಿ, ವಿಮಾನ ನಿಲ್ದಾಣದಲ್ಲೇ ಕಿತ್ತುಕೊಳ್ಳುತ್ತಾರೆ. ನಡೆಯುತ್ತ ತಿನ್ನುವುದನ್ನು ಹಳೆಯ ಪೇಟೆಗಳಲ್ಲಿ ಮೆಚ್ಚುವುದಿಲ್ಲ, ಕಸದ ಡಬ್ಬಿಯೂ ಸಿಗುವುದಿಲ್ಲ. ಒಂದು ಖಾಲಿ ಚೀಲ ಇಟ್ಟುಕೊಳ್ಳಿ.

ಪ್ರಶ್ನೆ: ಪುಕ್ಕಟೆ ಗೈಡ್ ಸಿಗುತ್ತಾರಂತೆ, ನಂಬಬಹುದೇ? ಟಿಪ್ ಎಷ್ಟು?
– ಮುಧೋಳ

ಉತ್ತರ: ಗುಡ್‌ವಿಲ್ ಗೈಡ್ ಎಂಬ ಸ್ವಯಂಸೇವಕರ ಗುಂಪುಗಳಿವೆ, ನಂಬಬಹುದು. ಅವರ ರೈಲು ಚೀಟಿ, ಪ್ರವೇಶ ಶುಲ್ಕ ನಿಮ್ಮದು, ಊಟವೂ ಕೊಡಿಸಿ. ದುಡ್ಡು ಪಡೆವ ಗೈಡ್‌ಗಳಲ್ಲಿ ಸರ್ಕಾರಿ ಪರೀಕ್ಷೆ ಪಾಸಾದವರಿದ್ದಾರೆ, 2018ರ ಜನವರಿಯಿಂದ ಪರವಾನಗಿ ಇಲ್ಲದವರೂ ಸಂಬಳಕ್ಕೆ ಗೈಡ್ ಆಗಬಹುದು. ಹಾಗಾಗಿ ಇತಿಹಾಸವೇ ಬೇಕೆನ್ನುವವರು ಪರವಾನಗಿ ಇದೆಯೇ ಎಂದು ಕೇಳಿಯೇ ಬುಕ್ ಮಾಡಿ. ಟಿಪ್ ಪದ್ಧತಿ ಇಲ್ಲ, ಕೈಗೆ ನೋಟು ಕೊಟ್ಟರೆ ಮುಜುಗರ. ಒಂದು ಡಬ್ಬಿ ಗೋಕಾಕ ಕರದಂಟು ಕೊಟ್ಟರೆ ಎರಡೂ ಕೈಯಿಂದ ತೆಗೆದುಕೊಳ್ಳುತ್ತಾರೆ. ಹೊತ್ತಿಗೆ ಹತ್ತು ನಿಮಿಷ ಮೊದಲೇ ನಿಂತಿರಿ, ನಿಲ್ದಾಣದ ಹೆಸರಷ್ಟೇ ಅಲ್ಲ, ಯಾವ ದಿಕ್ಕಿನ ದ್ವಾರ ಎಂಬುದನ್ನೂ ಬರೆದಿಟ್ಟುಕೊಳ್ಳಿ.

ಪ್ರಶ್ನೆ: ಮಂದಿರಗಳಲ್ಲಿ ಪುಸ್ತಕಕ್ಕೆ ಕೆಂಪು ಮುದ್ರೆ ಹಾಕಿಸಿಕೊಳ್ಳುತ್ತಾರಲ್ಲ, ನಾವೂ ಹಾಕಿಸಬಹುದೇ?
– ಇಂಡಿ

ಉತ್ತರ: ಹಾಕಿಸಬಹುದು. ಹೆಸರು ಗೊಶುಯಿನ್. ಮಡಿಕೆ ಮಡಿಕೆಯಾಗಿ ತೆರೆಯುವ ಗೊಶುಯಿನ್‌ಚೊ ಎಂಬ ಪುಸ್ತಕ ಮೊದಲು ಕೊಳ್ಳಬೇಕು, ಆಮೇಲೆ ಪ್ರತಿ ಮುದ್ರೆಗೆ ಹೆಚ್ಚಾಗಿ 300ರಿಂದ 500 ಯೆನ್. ಮೊದಲು ಕೈ ಮುಗಿದು ಬಂದು ಆಮೇಲೆ ಕೇಳಿ. ಪ್ರವಾಸದ ಡೈರಿಯನ್ನೋ ನೋಟ್‌ಬುಕ್ಕನ್ನೋ ಚಾಚಿದರೆ ಬರೆದುಕೊಡುವುದಿಲ್ಲ. ಗುಡಿ, ಮಂದಿರ ಎರಡರ ಮುದ್ರೆಯೂ ಬೆರೆತ ಪುಸ್ತಕಕ್ಕೆ ಕೆಲವು ನಿಚಿರೆನ್ ಮಂದಿರಗಳು ಪೂರ್ಣ ಮಂತ್ರ ಬರೆಯದೆ ‘ಮ್ಯೊಹೊ’ ಎಂದಷ್ಟೇ ಬರೆಯುತ್ತವೆ. ಯನಾಕಾದಲ್ಲಿ ನಿಚಿರೆನ್ ಮಂದಿರಗಳು ಬಹಳ, ಅದಕ್ಕೆ ಎರಡು ಪುಸ್ತಕ ಕೊಂಡರೆ ಒಳ್ಳೆಯದು. ಬರೆಯುವಾಗ ಫೋಟೊ ಬೇಡ. ಮಸಿ ಒಣಗುವ ತನಕ ನಡುವೆ ಒಂದು ತುಂಡು ತೆಳು ಕಾಗದ ಇಡಿ, ಸಾಮಾನ್ಯವಾಗಿ ಅವರೇ ಕೊಡುತ್ತಾರೆ. ಕಚೇರಿ ನಾಲ್ಕರಿಂದ ಐದರೊಳಗೆ ಮುಚ್ಚುತ್ತದೆ.